ಒಂದೇ ದಿನ ಹುಟ್ಟಿದ ಮಹಾನ್ ಕಲಾವಿದರು: ತಾರೀಖಿನಲ್ಲಿ ನಿಜವಾಗಿ ಶಕ್ತಿ ಇದೆಯೇ?

"ಈ ದಿನ ಹುಟ್ಟಿದವರೆಲ್ಲ ದೊಡ್ಡ ಕಲಾವಿದರೇ ಆಗಿದ್ದಾರೆ, ನಿಮ್ಮ ಮನೆಯಲ್ಲೂ ಈ ದಿನ ಹುಟ್ಟಿದವರು ಇದ್ದರೆ ಹತ್ತು ಜನರಿಗೆ ಕಳುಹಿಸಿ." ಇಂಥ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಚಿಕ್ಕೋಡಿ, ನಿಪ್ಪಾಣಿ ಕಡೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಿಗೆ ಇವು ಕನ್ನಡದಲ್ಲೂ ಬರುತ್ತವೆ, ಮರಾಠಿಯಲ್ಲೂ ಬರುತ್ತವೆ. ಇಬ್ಬರು ಮೂವರು ದೊಡ್ಡವರ ಫೋಟೋ, ಕೆಳಗೆ ಒಂದೇ ತಾರೀಖು. ನೋಡಿದ ಕೂಡಲೇ "ಹೌದಲ್ಲ!" ಅನ್ನಿಸುತ್ತದೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ನೋಡೋಣ.

ಚುಟುಕು ಉತ್ತರ

ಒಂದೇ ತಾರೀಖಿನಲ್ಲಿ ಹುಟ್ಟಿದ ಕಲಾವಿದರು ಇರುವುದು ನಿಜ. ಆ ತಾರೀಖೇ ಅವರನ್ನು ಕಲಾವಿದರನ್ನಾಗಿ ಮಾಡಿತು ಎಂಬುದು ಸುಳ್ಳು. ಎಷ್ಟೋ ಸಲ ಆ ತಾರೀಖು ಕೂಡ ನಾವು ಅಂದುಕೊಂಡ ದಿನವಾಗಿರುವುದಿಲ್ಲ.

ಯಾರ ಜೊತೆ ಯಾರು?

ಪುಸ್ತಕಗಳಲ್ಲಿ ದಾಖಲಾಗಿರುವ ಕೆಲವು ಜೋಡಿಗಳು ಇಲ್ಲಿವೆ.

- ಜನವರಿ 19: ಕುಂದಗೋಳದ ಸವಾಯಿ ಗಂಧರ್ವ (1886) ಮತ್ತು ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ (1839)
- ಫೆಬ್ರವರಿ 4: ಭೀಮಸೇನ ಜೋಶಿ (1922) ಮತ್ತು ಕಥಕ್ ನೃತ್ಯಗಾರ ಬಿರ್ಜು ಮಹಾರಾಜ್ (1938)
- ಮಾರ್ಚ್ 21: ಜರ್ಮನಿಯ ಸಂಗೀತಗಾರ ಬಾಖ್ (1685) ಮತ್ತು ಶಹನಾಯಿಯ ಬಿಸ್ಮಿಲ್ಲಾ ಖಾನ್ (1916)
- ಏಪ್ರಿಲ್ 29: ಚಿತ್ರಕಾರ ರಾಜಾ ರವಿವರ್ಮ (1848) ಮತ್ತು ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ (1899)
- ಮೇ 7: ಬ್ರಾಮ್ಸ್ (1833), ಚೈಕೋವ್ಸ್ಕಿ (1840) ಮತ್ತು ರವೀಂದ್ರನಾಥ ಠಾಗೋರ್ (1861)
- ಆಗಸ್ಟ್ 10: ಕೊಲ್ಹಾಪುರ ದರಬಾರಿನ ಅಲ್ಲಾದಿಯಾ ಖಾನ್ (1855) ಮತ್ತು ಸಂಗೀತ ಶಾಸ್ತ್ರಜ್ಞ ವಿಷ್ಣು ನಾರಾಯಣ ಭಾತಖಂಡೆ (1860)
- ಆಗಸ್ಟ್ 18: ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರ (1872) ಮತ್ತು ಇಟಲಿಯ ಸಾಲಿಯೇರಿ (1750)
- ಡಿಸೆಂಬರ್ 31: ಮಲ್ಲಿಕಾರ್ಜುನ ಮನ್ಸೂರ (1910) ಮತ್ತು ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾಟೀಸ್ (1869)

ಪಟ್ಟಿ ನೋಡಿದರೆ ಅಚ್ಚರಿ ಆಗುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ಅಚ್ಚರಿ ಇಳಿಯುತ್ತದೆ.

23 ಜನರ ಲೆಕ್ಕ

ಒಂದು ಕೋಣೆಯಲ್ಲಿ ಎಷ್ಟು ಜನ ಇದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು? ವರ್ಷಕ್ಕೆ 365 ದಿನ ಇರುವುದರಿಂದ 180 ಜನ ಬೇಕು ಎಂದು ಹಲವರು ಹೇಳುತ್ತಾರೆ. ಸರಿಯಾದ ಉತ್ತರ ಬರೀ 23.

ಕಾರಣ ಇಷ್ಟೇ. ಇಲ್ಲಿ ನಾವು ಹೋಲಿಸುತ್ತಿರುವುದು ಒಬ್ಬೊಬ್ಬರನ್ನಲ್ಲ, ಜೋಡಿಗಳನ್ನು. 23 ಜನರಲ್ಲಿ 253 ಜೋಡಿಗಳು ಆಗುತ್ತವೆ. ಪ್ರತಿ ಜೋಡಿಗೂ ಒಂದು ಅವಕಾಶ ಇದೆ. 40 ಮಕ್ಕಳಿರುವ ತರಗತಿಯಲ್ಲಿ 780 ಜೋಡಿಗಳು. ಅಲ್ಲಿ ಇಬ್ಬರ ಜನ್ಮದಿನ ಒಂದೇ ಆಗುವ ಸಾಧ್ಯತೆ ಸುಮಾರು ಶೇ. 89. ರಾಯಬಾಗ ಇರಲಿ, ಅಥಣಿ ಇರಲಿ, ನಿಮ್ಮ ಮಕ್ಕಳ ಸಾಲಿಯ ಹಾಜರಿ ಪುಸ್ತಕ ಹಿಡಿದು ನೀವೇ ಪರೀಕ್ಷೆ ಮಾಡಬಹುದು.

ಈಗ ಕಲಾವಿದರ ವಿಷಯಕ್ಕೆ ಬನ್ನಿ. ಜಗತ್ತಿನ ಹೆಸರಾಂತ ಸಂಗೀತಗಾರರು, ಚಿತ್ರಕಾರರು ಎಂದು 1000 ಹೆಸರು ಬರೆದಿಟ್ಟುಕೊಳ್ಳಿ. ಯಾವ ತಾರೀಖು ಹಿಡಿದರೂ ಸರಾಸರಿ 2-3 ಹೆಸರು ಸಿಗುತ್ತವೆ. ಅಂದರೆ ಇಂಥ ಫಾರ್ವರ್ಡ್ ಅನ್ನು ವರ್ಷದ ಪ್ರತಿ ದಿನಕ್ಕೂ ಒಂದರಂತೆ ತಯಾರಿಸಬಹುದು. ಎಲ್ಲ ದಿನವೂ "ವಿಶೇಷ ದಿನ" ಆದ ಮೇಲೆ ವಿಶೇಷ ಎಲ್ಲಿ ಉಳಿಯಿತು?

ಅದೇ ದಿನ ಹುಟ್ಟಿ ಹಾಡು ಬಾರದ, ಕುಂಚ ಹಿಡಿಯದ ಲಕ್ಷಾಂತರ ಜನರ ಹೆಸರು ಆ ಸಂದೇಶದಲ್ಲಿ ಇರುವುದಿಲ್ಲ. ಹೊಂದುವುದನ್ನು ಮಾತ್ರ ಎತ್ತಿಟ್ಟು, ಹೊಂದದ್ದನ್ನು ಬಿಟ್ಟರೆ ಯಾವುದನ್ನು ಬೇಕಾದರೂ "ಸಾಬೀತು" ಮಾಡಬಹುದು. ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಸರಿಯಾಗಿ 40 ವರ್ಷದ ನಂತರ, 1992ರ ಅದೇ ದಿನ ಮನ್ಸೂರರು ತೀರಿಕೊಂಡರು. ಬಸವರಾಜ ರಾಜಗುರು ತೀರಿಕೊಂಡದ್ದು 1991ರ ಜುಲೈ 21, ಗಂಗೂಬಾಯಿ ಹಾನಗಲ್ 2009ರ ಜುಲೈ 21. ಹುಡುಕುತ್ತ ಹೋದರೆ ಇಂಥವು ಇನ್ನೂ ಸಿಗುತ್ತವೆ. ಇವೆಲ್ಲ ಕಾಕತಾಳೀಯ.

ತಾರೀಖು ಯಾವ ಕ್ಯಾಲೆಂಡರಿನದು?

ಮೇಲಿನ ಪಟ್ಟಿಯಲ್ಲಿ ಬಾಖ್ ಮತ್ತು ಬಿಸ್ಮಿಲ್ಲಾ ಖಾನ್ ಜೋಡಿಯನ್ನು ಬೇಕೆಂದೇ ಸೇರಿಸಿದ್ದೇವೆ. ಅದು ನಿಜವಾದ ಜೋಡಿಯಲ್ಲ.

ಬಾಖ್ ಹುಟ್ಟಿದಾಗ ಅವರ ಊರಿನಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ನಡೆಯುತ್ತಿತ್ತು. ನಾವು ಈಗ ಬಳಸುವುದು ಗ್ರೆಗೋರಿಯನ್ ಕ್ಯಾಲೆಂಡರ್. ಆ ಕಾಲಕ್ಕೆ ಎರಡರ ನಡುವೆ 10 ದಿನದ ಅಂತರ. ಹೀಗಾಗಿ ಬಾಖ್ ಅವರ ಮಾರ್ಚ್ 21 ನಮ್ಮ ಲೆಕ್ಕದಲ್ಲಿ ಮಾರ್ಚ್ 31. ಆಗ ಬಿಸ್ಮಿಲ್ಲಾ ಖಾನರ ಜೊತೆ ಜೋಡಿ ಮುರಿಯುತ್ತದೆ. ಬದಲಿಗೆ 1732ರ ಮಾರ್ಚ್ 31ರಂದು ಹುಟ್ಟಿದ ಇನ್ನೊಬ್ಬ ದೊಡ್ಡ ಸಂಗೀತಗಾರ ಹೈಡನ್ ಜೊತೆ ಹೊಸ ಜೋಡಿ ಆಗುತ್ತದೆ!

ಚೈಕೋವ್ಸ್ಕಿ ಕಥೆ ಇದಕ್ಕೆ ಉಲ್ಟಾ. ರಷ್ಯಾದಲ್ಲಿ 1918ರವರೆಗೂ ಹಳೆಯ ಕ್ಯಾಲೆಂಡರ್ ಇತ್ತು. ಅವರ ಮನೆಯವರ ಪಾಲಿಗೆ ಅವರು ಹುಟ್ಟಿದ್ದು ಏಪ್ರಿಲ್ 25. ಹೊಸ ಕ್ಯಾಲೆಂಡರಿಗೆ ಬದಲಿಸಿದ ಮೇಲೆ ಅದು ಮೇ 7 ಆಯಿತು. ಠಾಗೋರರ ಜನ್ಮದಿನವೂ ಮೇ 7. ಆದರೆ ಬಂಗಾಳದವರು ಅದನ್ನು ತಮ್ಮ ಪಂಚಾಂಗದ ಬೈಶಾಖ 25ರಂದು ಆಚರಿಸುತ್ತಾರೆ, ಅದು ಸಾಮಾನ್ಯವಾಗಿ ಮೇ 8 ಅಥವಾ 9ಕ್ಕೆ ಬರುತ್ತದೆ. ಒಂದೇ ಮನುಷ್ಯನಿಗೆ ಎರಡು ದಿನ ಇದ್ದರೆ, ಶಕ್ತಿ ಯಾವ ದಿನದ್ದು?

ತಿಥಿಯ ಪ್ರಕಾರವೋ, ತಾರೀಖಿನ ಪ್ರಕಾರವೋ?

ನಮ್ಮಲ್ಲೂ ಹೀಗೆಯೇ. ಬಸವ ಜಯಂತಿ ಅಕ್ಷಯ ತೃತೀಯದಂದು ಬರುತ್ತದೆ. ಪುರಂದರದಾಸರನ್ನು ನೆನೆಯುವುದು ಪುಷ್ಯ ಬಹುಳ ಅಮಾವಾಸ್ಯೆಯಂದು, ಅದೂ ಹುಟ್ಟಿದ ದಿನವಲ್ಲ, ಪುಣ್ಯದಿನ. ಇವು ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬೀಳುತ್ತವೆ. ಚಂದ್ರನ 12 ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಅದನ್ನು ಸರಿದೂಗಿಸಲು ಅಧಿಕ ಮಾಸ ಬರುತ್ತದೆ.

ಭಾತಖಂಡೆ ಹುಟ್ಟಿದ 1860ರ ಆಗಸ್ಟ್ 10 ಕೃಷ್ಣ ಜನ್ಮಾಷ್ಟಮಿಯ ದಿನ. ಆದರೆ ಮರುವರ್ಷ ಜನ್ಮಾಷ್ಟಮಿ ಆಗಸ್ಟ್ 10ಕ್ಕೆ ಬರಲಿಲ್ಲ. ತಿಥಿ ಮತ್ತು ತಾರೀಖು ಮತ್ತೆ ಒಟ್ಟಿಗೆ ಬರುವುದು ಸುಮಾರು 19 ವರ್ಷಕ್ಕೊಮ್ಮೆ. ನಿಮ್ಮ ಹುಟ್ಟಿದ ತಿಥಿ ಗೊತ್ತಿದ್ದರೆ, ನಿಮಗೆ 19, 38 ಅಥವಾ 57 ತುಂಬಿದ ವರ್ಷದ ಪಂಚಾಂಗ ತೆಗೆದು ನೋಡಿ. ಎರಡೂ ಒಂದೇ ದಿನ, ಇಲ್ಲವೇ ಒಂದು ದಿನ ಹಿಂದೆ ಮುಂದೆ ಇರುತ್ತವೆ.

ಜೂನ್ 1ರಂದು ಇಷ್ಟೊಂದು ಹುಟ್ಟುಹಬ್ಬ ಏಕೆ?

ನಿಮ್ಮ ಮನೆಯ ಹಿರಿಯರಲ್ಲಿ, ಊರಿನ ನಿವೃತ್ತ ಮಾಸ್ತರರಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಇದ್ದಾರೆ ಎಂದು ಎಣಿಸಿ. ಆ ದಿನ ಬೆಳಿಗ್ಗೆಯಿಂದ ಗ್ರೂಪ್‌ಗಳ ತುಂಬ ಶುಭಾಶಯಗಳೇ. ಅಷ್ಟೊಂದು ಮಕ್ಕಳು ಒಂದೇ ದಿನ ಹುಟ್ಟಿದರೇ?

ಇಲ್ಲ. ಹಿಂದೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ತಾಯಿಗೆ "ಕಾರಹುಣ್ಣಿಮೆ ಹಿಂದಿನ ದಿನ", "ಜೋಳದ ಸುಗ್ಗಿಯಾಗ" ಎಂಬ ನೆನಪು ಇರುತ್ತಿತ್ತು, ಇಸವಿ ತಾರೀಖು ಇರುತ್ತಿರಲಿಲ್ಲ. ಸಾಲಿಗೆ ಹಚ್ಚಲು ಬಂದಾಗ ಮಾಸ್ತರರು ಮಗುವಿನ ಗಾತ್ರ ನೋಡಿ, ವಯಸ್ಸು ಅಂದಾಜು ಮಾಡಿ, ಶಾಲೆ ಶುರುವಾಗುವ ಜೂನ್ ತಿಂಗಳ ಮೊದಲ ದಿನವನ್ನೇ ಬರೆದುಬಿಡುತ್ತಿದ್ದರು. ಅದೇ ಮುಂದೆ ಮಾರ್ಕ್ಸ್ ಕಾರ್ಡಿಗೆ, ಸರ್ವಿಸ್ ಬುಕ್ಕಿಗೆ, ಆಧಾರ್‌ಗೆ ಹೋಯಿತು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಮೇ 31ರಂದು ಒಂದೇ ಸಲ ಹಲವರಿಗೆ ಬೀಳ್ಕೊಡುಗೆ ನಡೆಯುವುದು ಇದಕ್ಕೇ.

ದೇಶಕ್ಕೆಲ್ಲ ಒಂದೇ ರೀತಿಯ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕಿಂತ ಹಿಂದಿನ ತಲೆಮಾರಿನ ಎಷ್ಟೋ ಜನ್ಮದಿನಗಳು ಹುಟ್ಟಿದ ದಿನವಲ್ಲ, ಬರೆದ ದಿನ. ನಮ್ಮ ಅಜ್ಜಂದಿರ ತಾರೀಖಿನ ಗತಿಯೇ ಹೀಗಿರುವಾಗ, ಇನ್ನೂರು ಮುನ್ನೂರು ವರ್ಷ ಹಿಂದಿನ ಕಲಾವಿದರ ತಾರೀಖಿನ ಮೇಲೆ ಭವಿಷ್ಯ ಕಟ್ಟುವುದು ಹೇಗೆ? ಬೀಥೋವನ್ ವಿಷಯದಲ್ಲೂ ದಾಖಲೆಯಲ್ಲಿ ಇರುವುದು 1770ರ ಡಿಸೆಂಬರ್ 17ರಂದು ಚರ್ಚಿನಲ್ಲಿ ದೀಕ್ಷಾಸ್ನಾನ ಆಯಿತು ಎಂಬುದು ಮಾತ್ರ. ಹುಟ್ಟಿದ್ದು 16 ಎಂಬುದು ಅಂದಾಜು.

ಹಾಗಾದರೆ ಕಲಾವಿದರನ್ನು ಮಾಡಿದ್ದು ಏನು?

ತಾರೀಖು ಬಿಟ್ಟು ನಕಾಶೆ ಹಿಡಿದು ನೋಡಿ. ಆಗ ನಿಜವಾದ ನಂಟು ಕಾಣಿಸುತ್ತದೆ, ಅದೂ ನಮ್ಮ ಅಕ್ಕಪಕ್ಕದಲ್ಲೇ.

ನರಸೋಬಾವಾಡಿಗೆ ಹೋಗುವವರಿಗೆ ಕುರುಂದವಾಡ ಗೊತ್ತು. ಪಲುಸ್ಕರರು ಹುಟ್ಟಿದ್ದು ಅಲ್ಲಿ. ಚಿಕ್ಕವರಿದ್ದಾಗ ಪಟಾಕಿ ಸಿಡಿದು ಅವರ ಕಣ್ಣು ಹೋಯಿತು. ಚಿಕಿತ್ಸೆಗೆ ಹೋದದ್ದು ಕಾಗವಾಡದ ಪಕ್ಕದ ಮಿರಜಕ್ಕೆ. ಅಲ್ಲಿ ಬಾಲಕೃಷ್ಣಬುವಾ ಇಚಲಕರಂಜಿಕರ ಗುರುವಾಗಿ ಸಿಕ್ಕರು. ಅದೇ ಹುಡುಗ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಪಲುಸ್ಕರರ ಶಿಷ್ಯ ಬಿ.ಆರ್. ದೇವಧರ ಮಿರಜದವರು. ದೇವಧರರ ಶಿಷ್ಯ ಬೆಳಗಾವಿ ಹತ್ತಿರದ ಸುಳೇಭಾವಿಯ ಕುಮಾರ ಗಂಧರ್ವ.

ಇನ್ನೊಂದು ಸರಪಳಿ ನೋಡಿ. ಉತ್ತರ ಪ್ರದೇಶದ ಕೈರಾನಾದ ಅಬ್ದುಲ್ ಕರೀಂ ಖಾನ್ ಮಿರಜದಲ್ಲಿ ನೆಲೆಸಿದರು. ಅವರ ಶಿಷ್ಯ ಸವಾಯಿ ಗಂಧರ್ವ. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಮನ್ಸೂರರು ಮೊದಲು ಕಲಿತದ್ದು ಮಿರಜದ ನೀಲಕಂಠಬುವಾ ಅವರ ಬಳಿ. ನಂತರ ಕೊಲ್ಹಾಪುರದ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಅವರ ಬಳಿ.

ಇವರ ಜನ್ಮದಿನಗಳು ಬೇರೆ ಬೇರೆ. ಗುರು, ಊರು, ಆಶ್ರಯ ಕೊಟ್ಟ ಸಂಸ್ಥಾನ, ವರ್ಷಗಟ್ಟಲೆ ರಿಯಾಜ್ ಇವೇ ಅವರನ್ನು ಜೋಡಿಸಿದವು. ಕರ್ನಾಟಕ ಸಂಗೀತದಲ್ಲೂ ಹೀಗೆಯೇ. ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತ, ಶ್ಯಾಮಾಶಾಸ್ತ್ರಿ ಮೂವರೂ ಹುಟ್ಟಿದ್ದು ತಿರುವಾರೂರು ಎಂಬ ಒಂದೇ ಊರಿನಲ್ಲಿ, ಒಂದೇ ದಿನವಲ್ಲ.

ನಂಬಿದರೆ ಏನು ನಷ್ಟ?

"ಇರಲಿ ಬಿಡಿ, ಸುಮ್ಮನೆ ಮಜಾ" ಅನ್ನಬಹುದು. ಆದರೆ ಎರಡು ಕಡೆ ಎಚ್ಚರ ಬೇಕು.

ಒಂದು, ಹೆರಿಗೆ. ಒಳ್ಳೆಯ ತಾರೀಖು ಬೇಕೆಂದು ಸಿಸೇರಿಯನ್ ಮಾಡಿಸಿ ಎಂದು ಕೇಳುವ ಕುಟುಂಬಗಳು ಇವೆ. ವೈದ್ಯಕೀಯ ಕಾರಣವಿಲ್ಲದೆ, 39 ವಾರ ತುಂಬುವ ಮೊದಲೇ ಮಗುವನ್ನು ಹೊರತೆಗೆದರೆ ಅದಕ್ಕೆ ಉಸಿರಾಟದ ತೊಂದರೆ ಆಗುವ ಅಪಾಯ ಹೆಚ್ಚು. ಶ್ವಾಸಕೋಶ ಬಲಿಯುವುದು ಆ ಕೊನೆಯ ವಾರಗಳಲ್ಲೇ. ತಾಯಿ ಅಥವಾ ಮಗುವಿಗೆ ಅಪಾಯ ಇದೆ ಎಂದು ವೈದ್ಯರೇ ಬೇಗ ಹೆರಿಗೆ ಮಾಡಿಸಲು ಹೇಳಿದರೆ ಅದು ಬೇರೆ ಮಾತು, ಆಗ ತಡಮಾಡಬಾರದು.

ಎರಡು, ಲಿಂಕ್. "ನಿಮ್ಮ ಜೊತೆ ಹುಟ್ಟಿದ ಕಲಾವಿದ ಯಾರು? ಹೆಸರು, ಜನ್ಮದಿನ, ಮೊಬೈಲ್ ನಂಬರ್ ಹಾಕಿ" ಎಂದು ಕೇಳಿದರೆ ಹಾಕಬೇಡಿ. ಡೌನ್‌ಲೋಡ್ ಮಾಡಿದ ಇ-ಆಧಾರ್ ತೆರೆಯುವ ಪಾಸ್‌ವರ್ಡ್ ಆಗುವುದೇ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ಇಸವಿ. ಗೊತ್ತಿಲ್ಲದವರ ಕೈಗೆ ಇವನ್ನು ನಾವೇ ಕೊಟ್ಟಂತೆ ಆಗುತ್ತದೆ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮೊದಲು ಕೇಳಿಕೊಳ್ಳಿ

- ಈ ತಾರೀಖು ಎಲ್ಲಿಂದ ಬಂತು? ಜನನ ದಾಖಲೆಯೋ, ಸಾಲಿಯ ದಾಖಲೆಯೋ, ಅಂದಾಜೋ?
- ಯಾವ ಕ್ಯಾಲೆಂಡರಿನದು? ತಾರೀಖೋ, ತಿಥಿಯೋ?
- ಅದೇ ದಿನ ಹುಟ್ಟಿದ ಉಳಿದವರ ಲೆಕ್ಕ ಎಲ್ಲಿ?
- ಹತ್ತು ಜನರಿಗೆ ಕಳುಹಿಸಿ, ಲಿಂಕ್ ಒತ್ತಿ ಎಂದು ಒತ್ತಾಯ ಇದೆಯೇ?

ಕಲಾವಿದರ ಜನ್ಮದಿನವನ್ನು ನೆನೆಯುವುದರಲ್ಲಿ ತಪ್ಪೇನಿಲ್ಲ. ಆ ದಿನ ಅವರ ಒಂದು ಹಾಡು ಕೇಳಿ, ಆ ಹಾಡನ್ನೇ ಗ್ರೂಪಿಗೆ ಕಳುಹಿಸಿ. ನಿಮ್ಮ ಮಗುವಿಗೆ ಸಂಗೀತದಲ್ಲಿ ಆಸಕ್ತಿ ಇದ್ದರೆ ಜಾತಕದಲ್ಲಿ ತಾರೀಖು ಹುಡುಕುವ ಬದಲು ಊರಿನಲ್ಲಿ ಒಬ್ಬ ಒಳ್ಳೆಯ ಗುರುವನ್ನು ಹುಡುಕಿ.