ಹನ್ನೆರಡು ಸಾವಿರದ ನಾಡು, ಲಕ್ಷದ ತೊಂಬತ್ತಾರು ಸಾವಿರದ ಕಲ್ಯಾಣ



ನಿನ್ನೆ ಪ್ರವಚನ ಮುಗಿದ ಮೇಲೆ ಹಳಿಯಾಳದ ಕಡೆಯ ಒಬ್ಬ ತರುಣರು ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದರು. "ಕಲ್ಯಾಣದಲ್ಲಿ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಇದ್ದರೆಂದು ಹೇಳುತ್ತೀರಿ. ಅಷ್ಟು ಜನ ಎಲ್ಲಿ ಕೂತು ಉಣ್ಣುತ್ತಿದ್ದರು? ಅಷ್ಟು ನೀರು ಎಲ್ಲಿಂದ ಬರುತ್ತಿತ್ತು?" ಕೇಳಿದ್ದರಲ್ಲಿ ಕುಚೋದ್ಯವಿರಲಿಲ್ಲ. ನಿಜವಾಗಿ ತಿಳಿಯಬೇಕೆಂಬ ಹಸಿವಿತ್ತು. ಇಂಥ ಪ್ರಶ್ನೆಗೆ 'ನಂಬುವುದಾದರೆ ನಂಬು, ಇಲ್ಲವಾದರೆ ಬಿಡು' ಎಂದು ಹೇಳಿ ಕಳಿಸುವುದು ಬಹಳ ಸುಲಭ. ಆದರೆ ಹಾಗೆ ಕಳಿಸಿದ ಮಕ್ಕಳು ಮತ್ತೆ ಮಠದ ಮೆಟ್ಟಿಲು ಹತ್ತುವುದಿಲ್ಲ. ಆದುದರಿಂದ ಇಂದು ವಚನದ ನಿರೂಪಣೆಯನ್ನು ಬದಿಗಿಟ್ಟು ಈ ಸಂಖ್ಯೆಯ ವಿಚಾರವನ್ನೇ ತೆಗೆದುಕೊಳ್ಳೋಣ.

ಕಲ್ಯಾಣಕ್ಕೆ ಹೋಗುವ ಮೊದಲು ನಮ್ಮ ಕಾಲ ಕೆಳಗಿನ ನೆಲವನ್ನು ನೋಡಬೇಕು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂದು ಇಂದು ನಾವು ತಾಲೂಕುಗಳ ಹೆಸರು ಹೇಳುತ್ತೇವೆ. ಸಾವಿರ ವರ್ಷದ ಹಿಂದೆ ಈ ಭಾಗದವರಿಗೆ 'ನಿಮ್ಮ ನಾಡು ಯಾವುದು?' ಎಂದು ಕೇಳಿದ್ದರೆ ಹೆಸರಿನ ಜೊತೆಗೆ ಒಂದು ಸಂಖ್ಯೆಯೂ ಬರುತ್ತಿತ್ತು. ತೆಂಕಣಕ್ಕೆ ಬನವಾಸಿ ಪನ್ನಿರ್ಚ್ಛಾಸಿರ, ಎಂದರೆ ಬನವಾಸಿ ೧೨,೦೦೦. ಬಡಗಣಕ್ಕೆ ಪಲಸಿಗೆ ಪನ್ನಿರ್ಚ್ಛಾಸಿರ, ಎಂದರೆ ಇಂದಿನ ಖಾನಾಪುರ ತಾಲೂಕಿನ ಹಲಸಿಯನ್ನು ತಲೆಯೂರಾಗಿ ಉಳ್ಳ ನಾಡು, ಅದೂ ೧೨,೦೦೦. ಮುಂಡಗೋಡಿನ ನೆರೆಯ ಹಾನಗಲ್ಲು ಪಾನುಂಗಲ್ಲು ೫೦೦. ಲಕ್ಷ್ಮೇಶ್ವರದ ಕಡೆ ಪುಲಿಗೆರೆ ೩೦೦, ಅದರ ಮಗ್ಗುಲಲ್ಲಿ ಬೆಳ್ವೊಲ ೩೦೦. ಈ ಎರಡನ್ನೂ ಕೂಡಿಸಿ 'ಎರಡರುನೂರು' ಎಂದೇ ಕರೆಯುತ್ತಿದ್ದರು. ಸವದತ್ತಿಯ ರಟ್ಟರದು ಕೂಂಡಿ ೩,೦೦೦. ದಕ್ಷಿಣಕ್ಕೆ ಹೋದರೆ ನೊಳಂಬವಾಡಿ ೩೨,೦೦೦, ಗಂಗವಾಡಿ ೯೬,೦೦೦. ಇಡೀ ರಟ್ಟಪಾಡಿಯನ್ನು ಚೋಳರು ಏಳೂವರೆ ಲಕ್ಷವೆಂದರು!

ಈ ಸಂಖ್ಯೆಗಳೇನು? ಇವು ಗ್ರಾಮಗಳ ಲೆಕ್ಕವೆಂದು ಕೆಲವು ವಿದ್ವಾಂಸರು ಹೇಳಿದರು. ಕಂದಾಯದ ಲೆಕ್ಕವೆಂದು ಕೆಲವರು. ಯುದ್ಧಕ್ಕೆ ಒದಗಿಸಬೇಕಾದ ಆಳುಗಳ ಲೆಕ್ಕವೆಂದು ಮತ್ತೆ ಕೆಲವರು. ವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ಸಾಧಾರಣ ಲೆಕ್ಕ ಹಾಕಿ ನೋಡಿ. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮಗಳೆಲ್ಲ ಸೇರಿ ೩೦,೦೦೦ ಮುಟ್ಟಲಿಲ್ಲ. ಹಾಗಿರುವಾಗ ಗಂಗವಾಡಿಯೊಂದರಲ್ಲೇ ೯೬,೦೦೦ ಹಳ್ಳಿಗಳು ಎಲ್ಲಿದ್ದವು? ನಮ್ಮ ಇಡೀ ಉತ್ತರ ಕನ್ನಡದ ಕಂದಾಯ ಗ್ರಾಮಗಳು ಎರಡು ಸಾವಿರವೂ ಆಗುವುದಿಲ್ಲ. ಪುಲಿಗೆರೆ ಮುನ್ನೂರರಂಥ ಚಿಕ್ಕ ನಾಡಿಗೆ ಗ್ರಾಮದ ಲೆಕ್ಕ ಒಪ್ಪಬಹುದು, ಬಯಲುಸೀಮೆಯಲ್ಲಿ ಊರು ಒತ್ತಾಗಿವೆ. ಕಾಡಿನ ನಾಡಿಗೆ ಅದು ಒಪ್ಪುವುದಿಲ್ಲ. ಅದರಲ್ಲೂ ಬನವಾಸಿ, ಪಲಸಿಗೆ ಎಂಬ ಎರಡು ನೆರೆಯ ನಾಡುಗಳಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದೇ ಹನ್ನೆರಡು ಸಾವಿರ ಬರುತ್ತದಲ್ಲ, ಅಲ್ಲೇ ಗುಟ್ಟು ಬಯಲಾಗುತ್ತದೆ. ಎಣಿಸಿ ಬಂದ ಸಂಖ್ಯೆ ಹೀಗೆ ಅಚ್ಚಿನಿಂದ ತೆಗೆದ ಬೆಲ್ಲದಂತೆ ಇರುವುದಿಲ್ಲ. ನಾಡಿನ ದರ್ಜೆಯನ್ನು ತೋರಿಸಲು ಅರಸು ಕಟ್ಟಿದ ಸಂಖ್ಯೆ ಇದು ಎಂದು ನನಗನ್ನಿಸುತ್ತದೆ. ಒಮ್ಮೆ ಕಟ್ಟಿದ ಮೇಲೆ ವಂಶಗಳು ಬದಲಾದರೂ ಅದು ಹೆಸರಿಗೆ ಅಂಟಿಕೊಂಡಿತು.

ಈ ಹನ್ನೆರಡು ಸಾವಿರ ಬನವಾಸಿ ಸೀಮೆಯವರ ಬಾಯಲ್ಲಿ ಎಷ್ಟು ನೆಲೆಗೊಂಡಿತ್ತೆಂದರೆ, ಕದಂಬರ ಮೂಲಪುರುಷನೆಂದು ಹೇಳುವ ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ ಕರೆತಂದ ಬ್ರಾಹ್ಮಣರೂ ಹನ್ನೆರಡು ಸಾವಿರವೇ ಎಂದು ಮುಂದಿನ ಕಾಲದ ಶಾಸನದ ಕಥೆ ಹೇಳುತ್ತದೆ. ಹಾನಗಲ್ಲಿನ ಕದಂಬರು ತಮ್ಮ ಬಿರುದಾವಳಿಯಲ್ಲಿ ಎಂಬತ್ತನಾಲ್ಕು ನಗರಗಳನ್ನೂ ಹದಿನೆಂಟು ಅಶ್ವಮೇಧಗಳನ್ನೂ ಸೇರಿಸಿಕೊಂಡರು. ಆದರೆ ನಾಲ್ಕನೆಯ ಶತಮಾನದಲ್ಲಿ ರಾಜ್ಯ ಕಟ್ಟಿದ ಮಯೂರಶರ್ಮನ ಕಥೆಯನ್ನು ಹೇಳುವ ತಾಳಗುಂದದ ಕಂಬದ ಶಾಸನ, ಅವನ ವಂಶದವರೇ ಐದನೆಯ ಶತಮಾನದಲ್ಲಿ ಬರೆಸಿದ್ದು, ಈ ಹದಿನೆಂಟರ ಮಾತನ್ನೇ ಎತ್ತುವುದಿಲ್ಲ. ಪುರಾಣ ಹದಿನೆಂಟು, ಭಾರತದ ಪರ್ವ ಹದಿನೆಂಟು. ಹಿರಿಯನಿಗೆ ಒಪ್ಪುವ ಸಂಖ್ಯೆಯೆಂದು ಏಳೆಂಟು ನೂರು ವರ್ಷದ ಮೇಲಿನ ಮೊಮ್ಮಕ್ಕಳು ಅದನ್ನು ತಾತನ ಕೊರಳಿಗೆ ಹಾಕಿದರು. ತಾತನನ್ನು ದೊಡ್ಡವನನ್ನಾಗಿ ಮಾಡುವ ಚಪಲ ಯಾರಿಗಿಲ್ಲ?

ಇನ್ನು ಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರ ರಾಜಧಾನಿ ಮಾಡಿದ ಊರು. ಮುಂದೆ ತರ್ದವಾಡಿ ಸಾವಿರದ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳನ ಕೈಗೆ ಬಂತು. ಅಲ್ಲಿ ಭಂಡಾರಿಯಾಗಿದ್ದವರು ಬಸವಣ್ಣನವರು. ಅವರು ಮಂಗಳವೇಢೆಯಲ್ಲಿ ಮೊದಲು ಹಿಡಿದದ್ದು ಕರಣಿಕನ ಕೆಲಸವೆಂಬುದನ್ನು ನಾವು ಮರೆಯಬಾರದು. ಲೆಕ್ಕದ ಕಡತ ತಿರುವಿದ ಕೈ ಅದು. ಯಾವ ನಾಡಿನಿಂದ ಎಷ್ಟು ಹೊನ್ನು, ಯಾವ ಸುಂಕ ಯಾರ ಪಾಲು, ಎಲ್ಲ ಅವರಿಗೆ ಅಂಗೈ ನೆಲ್ಲಿಕಾಯಿ. ಭಂಡಾರದ ಹಣ ಜಂಗಮರಿಗೆ ಸೋರುತ್ತಿದೆಯೆಂದು ಕೊಂಡೆಯರು ಹೇಳಿದಾಗ ಎಣಿಸಿ ನೋಡಲಾಯಿತು, ಒಂದು ಹಣವೂ ಕಡಿಮೆ ಬರಲಿಲ್ಲ ಎಂಬ ಕಥೆ ನಿಮಗೆಲ್ಲ ಗೊತ್ತು. ಪವಾಡವೆಂದು ಅದನ್ನು ಹೇಳುತ್ತಾರೆ. ಚೊಕ್ಕ ಲೆಕ್ಕವಿಟ್ಟವನ ಭಂಡಾರ ಎಣಿಸಿದರೆ ಸರಿಯಾಗಿಯೇ ಬರುತ್ತದೆ. ಪವಾಡವಿಲ್ಲದೆಯೂ ಆ ಕಥೆ ದೊಡ್ಡದೇ.

ಇಂಥ ಲೆಕ್ಕಿಗರ ಸುತ್ತ ಸೇರಿದವರನ್ನು ನಮ್ಮ ಪರಂಪರೆ ಎಣಿಸಿತು. ಏಳುನೂರ ಎಪ್ಪತ್ತು ಅಮರಗಣಂಗಳು, ಲಕ್ಷದ ಮೇಲೆ ತೊಂಬತ್ತಾರು ಸಾವಿರ ಚರಜಂಗಮರು. ಈಗ ಗಂಗವಾಡಿಯನ್ನು ನೆನಪಿಗೆ ತಂದುಕೊಳ್ಳಿ. ಕನ್ನಡಿಗನ ಕಿವಿಗೆ 'ತೊಂಬತ್ತಾರು ಸಾವಿರ' ಎಂದರೆ ಒಂದು ಮಹಾನಾಡಿನ ಸದ್ದು. ಅದರ ಮೇಲೆ ಒಂದು ಲಕ್ಷ ಏರಿಸಿದರೆ ಅರಸರ ಗಂಗವಾಡಿಗಿಂತಲೂ ದೊಡ್ಡ ನಾಡಾಯಿತು. ಶರಣರಿಗೆ ಒಂದು ಹಳ್ಳಿಯ ಒಡೆತನವೂ ಇರಲಿಲ್ಲ. ಆದರೂ ಅವರ ನಾಡು ಇದು ಎಂದು ತೋರಿಸಲು ಹಿರಿಯರು ಅರಸರ ಭಾಷೆಯನ್ನೇ ಬಳಸಿಕೊಂಡಿರಬೇಕು. ಇದು ನನ್ನ ಊಹೆ, ಶಾಸನ ಹೀಗೆಂದು ಹೇಳುವುದಿಲ್ಲ. ಆದರೆ ಎರಡಕ್ಕೂ ಒಂದು ಭೇದವುಂಟು. ಬನವಾಸಿ ಹನ್ನೆರಡು ಸಾವಿರ ಎಂದರೆ ಅರಸು ಅಲ್ಲಿಂದ ಪಡೆಯಬಹುದಾದದ್ದು. ಕಲ್ಯಾಣದ ಲಕ್ಷದ ತೊಂಬತ್ತಾರು ಸಾವಿರ ಎಂದರೆ ಶರಣರು ಉಣಿಸಬೇಕಾದದ್ದು. ಅದು ತೆರಿಗೆಯ ಸಂಖ್ಯೆ, ಇದು ದಾಸೋಹದ ಸಂಖ್ಯೆ.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಈ ಕಣ್ಣಿನಿಂದ ನೋಡಿ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ರೂಢಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲೆ ಇಡಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಅದೇ ಲಕ್ಕಮ್ಮ ಆ ಹಿಡಿ ಅಕ್ಕಿಯಿಂದ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳೆಂದು ಕಥೆ ಮುಂದುವರಿಯುತ್ತದೆ. ಕಥೆ ಕಟ್ಟಿದವರು ಲೆಕ್ಕ ಬಾರದವರಲ್ಲ. ಒಂದು ಕಡೆ ಹೆಚ್ಚಾದ ನಾಲ್ಕು ಹಿಡಿ, ಮತ್ತೊಂದು ಕಡೆ ಲಕ್ಷಗಟ್ಟಲೆ ಬಾಯಿ. ಇವೆರಡನ್ನೂ ಒಂದೇ ಗುಡಿಸಲಿನಲ್ಲಿ ಎದುರುಬದುರು ಕೂರಿಸಿದ್ದಾರೆ. ಹೆಚ್ಚು ಅಕ್ಕಿ ಆ ಮನೆಗೆ ಭಾರವಾಯಿತು, ಹೆಚ್ಚು ಜನ ಭಾರವಾಗಲಿಲ್ಲ. ಆ ತರುಣರು ಕೇಳಿದ 'ಎಲ್ಲಿ ಕೂತು ಉಂಡರು' ಎಂಬುದಕ್ಕೆ ಕಥೆಯಲ್ಲಿ ಉತ್ತರವುಂಟು: ಲಕ್ಕಮ್ಮನ ಗುಡಿಸಲಿನಲ್ಲಿ. ಬಿಜ್ಜಳನ ಅರಮನೆಯಲ್ಲಲ್ಲ.

ಮುಂಡಗೋಡಿನ ಭಕ್ತರಿಗೆ ಒಂದು ಮಾತು. ನಿಮ್ಮ ನೆರೆಯಲ್ಲಿ ೧೯೬೬ರಿಂದ ಟಿಬೆಟಿನ ಜನ ನೆಲೆಸಿದ್ದಾರೆ. ದೇಶ ಕಳೆದುಕೊಂಡು ಬಂದವರು. ಅವರ ಊರುಗಳನ್ನು ನಾವು 'ಕ್ಯಾಂಪ್ ನಂಬರ್ ಒಂದು, ಎರಡು' ಎಂದು ಕರೆಯುತ್ತೇವೆ. ಸರ್ಕಾರದ ಕಡತದ ಸಂಖ್ಯೆ ಅದು. ಆದರೆ ಬೆಳಗಿನ ಹೊತ್ತು ಅಲ್ಲಿಯ ಮುದುಕಿ ಕೈಯಲ್ಲಿ ತಿರುಗಿಸುವ ಜಪಮಾಲೆಯಲ್ಲಿ ಮಣಿ ೧೦೮. ಒಂದೇ ಬೀದಿಯಲ್ಲಿ ಎರಡೂ ಸಂಖ್ಯೆ ಇವೆ.

ಆಚಾರ ಐದು, ಆವರಣ ಎಂಟು, ಸ್ಥಲ ಆರು. ಇವನ್ನು ನೀವು ಬಾಯಿಪಾಠ ಬಲ್ಲಿರಿ, ವಿಸ್ತರಿಸುವುದಿಲ್ಲ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆ ಆರು ಮೆಟ್ಟಿಲನ್ನು ಕ್ರಮಗೊಳಿಸಿದ ಹಿರಿಮೆ ಚನ್ನಬಸವಣ್ಣನವರದು; ಷಟ್‌ಸ್ಥಲ ಚಕ್ರವರ್ತಿ ಎಂದು ಕರೆದದ್ದು ಅದಕ್ಕೇ. ಮುಂದೆ ವಿಜಯನಗರದಲ್ಲಿ ಪ್ರೌಢದೇವರಾಯನ ಕಾಲಕ್ಕೆ ಆರು ನೂರೊಂದಾಗಿ ಬೆಳೆಯಿತು, ವಿರಕ್ತರೂ ನೂರೊಂದಾದರು. ಆದರೆ ಅವರಿಗಿಂತ ಮೊದಲೇ ಅಲ್ಲಮಪ್ರಭುಗಳು ಎಲ್ಲ ಎಣಿಕೆಗೂ ಬಯಲನ್ನು ತೋರಿಸಿದ್ದರು. ಆ ಪೀಠದ ಹೆಸರೇ ಶೂನ್ಯಸಿಂಹಾಸನ. ಪ್ರಭುಗಳು ಮದ್ದಳೆ ನುಡಿಸಿದ್ದು ಬನವಾಸಿಯ ಮಧುಕೇಶ್ವರನ ಗುಡಿಯಲ್ಲೆಂದು ಚಾಮರಸ ಹಾಡಿದ್ದಾನೆ. ಹನ್ನೆರಡು ಸಾವಿರದ ನಾಡಿನಿಂದ ಹೊರಟವರು ಸೊನ್ನೆಯ ಮೇಲೆ ಕುಳಿತರು!

ಆ ಪೀಠದಲ್ಲಿ ಪ್ರಭುಗಳ ತರುವಾಯ ಕುಳಿತವರೇ ಚನ್ನಬಸವಣ್ಣನವರು. ೧೧೬೭ರ ಸುಮಾರಿಗೆ ಕಲ್ಯಾಣದಲ್ಲಿ ರಕ್ತ ಹರಿಯಿತು. ಶರಣರು ವಚನದ ಕಟ್ಟುಗಳನ್ನು ಹೊತ್ತು ಪಡುವಣಕ್ಕೆ ನಡೆದರು. ಕಾದರವಳ್ಳಿಯಲ್ಲಿ ಕಾಳಗವಾಯಿತು. ಅಲ್ಲಿಂದ ಮುಂದೆ ನಮ್ಮ ಜನ ದಾರಿಯನ್ನು ಗುರುತಿಟ್ಟುಕೊಂಡದ್ದು ಹೆಸರುಗಳಿಂದ. ಡೋಹರ ಕಕ್ಕಯ್ಯನವರು ಉಳಿದ ಊರು ಕಕ್ಕೇರಿ. ಉಳವಿಯಲ್ಲಿ ಅಕ್ಕನಾಗಮ್ಮನ ಗವಿ, ಚನ್ನಬಸವಣ್ಣನವರ ಸಮಾಧಿ. ಅವರು ಕೊಂಡೊಯ್ದ ಕಟ್ಟುಗಳಿಂದ ಉಳಿದುಬಂದ ವಚನಗಳು ೧೯೯೩ರಲ್ಲಿ ಸರ್ಕಾರ ಅಚ್ಚು ಹಾಕಿಸಿದಾಗ ಹದಿನೈದು ಸಂಪುಟಗಳಾದವು. ಬರೆದವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳು. ಈ ಎರಡು ಸಂಖ್ಯೆಗಳನ್ನು ಯಾರು ಬೇಕಾದರೂ ಎಣಿಸಿ ನೋಡಬಹುದು.

ಮಾಘಮಾಸದ ಜಾತ್ರೆ ಹತ್ತಿರ ಬಂದಿದೆ. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿಗಳು ಹಳಿಯಾಳ, ದಾಂಡೇಲಿಯ ಮೇಲೆ ಉಳವಿಗೆ ಹೊರಡುತ್ತವೆ. ದಾರಿಯ ಊರಿನವರು ಎತ್ತಿಗೆ ನೀರು, ಜನರಿಗೆ ರೊಟ್ಟಿ ಸಿದ್ಧಮಾಡಿಕೊಳ್ಳಬೇಕು. ಎಷ್ಟು ಜನ ಬರುತ್ತಾರೆಂದು ಈಗಲೇ ಕೇಳಬೇಡಿ. ನಾಳೆ ಕಾದರವಳ್ಳಿಯ ಕಾಳಗ ಮತ್ತು ಮಡಿವಾಳ ಮಾಚಯ್ಯನವರ ವಿಚಾರ.