ಕನ್ನಡಕ ಹಾಕ್ಕೊಂಡು ಸ್ಟೇಜ್ ಮೇಲೆ ಹಾಡೋದು ಹೇಗೆ? ಗಾಯಕರಿಗೆ ಒಂದಿಷ್ಟು ಮಾಹಿತಿ

ಗಣೇಶೋತ್ಸವ, ರಾಜ್ಯೋತ್ಸವ, ಜಾತ್ರೆ ಬಂತೆಂದರೆ ಆರ್ಕೆಸ್ಟ್ರಾ ಗಾಯಕರಿಗೆ ಬಿಡುವಿಲ್ಲ. ಅವರಲ್ಲಿ ನಲವತ್ತು ದಾಟಿದವರಿಗೆ ಒಂದು ಪೇಚಾಟ ಇದ್ದೇ ಇರುತ್ತದೆ. ಕನ್ನಡಕ ತೆಗೆದರೆ ಸಾಹಿತ್ಯ ಕಾಣಲ್ಲ, ಹಾಕಿದರೆ ‘ಸ್ಟೇಜ್ ಮೇಲೆ ಚೆನ್ನಾಗಿರಲ್ಲ’ ಅಂತಾರೆ. ತೆಗೆದು ಹಾಡಿ ಚರಣದಲ್ಲಿ ಸಾಲು ತಪ್ಪಿದರೆ ಮುಂದಿನ ವರ್ಷ ಕರೆಯೇ ಬರದಿರಬಹುದು.

ಈ ಮಾತು ಹಳೆಯದು. ಗ್ರೀಸ್‌ನ ಗಾಯಕಿ ನಾನಾ ಮೂಸ್ಕೂರಿ ಅವರಿಗೂ ಕನ್ನಡಕ ತೆಗೆಯಿರಿ ಎಂದವರಿದ್ದರು. ಅವರು ಕೇಳಲಿಲ್ಲ, ಕಪ್ಪು ಫ್ರೇಮೇ ಅವರ ಗುರುತಾಯಿತು. 1959ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಅಮೆರಿಕದ ಬಡ್ಡಿ ಹಾಲಿ ಅವರನ್ನು ಇಂದಿಗೂ ಜನ ನೆನೆಯುವುದು ದಪ್ಪ ಕನ್ನಡಕದ ಸಮೇತ. ಹಾಗಾಗಿ ಅಂದದ ಪ್ರಶ್ನೆ ಬಿಡಿ, ತೊಂದರೆ ಇರೋದು ಬೇರೆ ಕಡೆ.

ಮೊದಲನೆಯದು ದೂರ. ಓದುವ ಕನ್ನಡಕವನ್ನು ಸಾಮಾನ್ಯವಾಗಿ 35–40 ಸೆಂ.ಮೀ. ದೂರಕ್ಕೆ ಮಾಡಿರುತ್ತಾರೆ. ಸ್ಟ್ಯಾಂಡ್ ಮೇಲಿನ ಪುಸ್ತಕ ಅಥವಾ ಟ್ಯಾಬ್ ಇರೋದು ಸುಮಾರು 60–70 ಸೆಂ.ಮೀ. ದೂರದಲ್ಲಿ. ಅದಕ್ಕೇ ಅಕ್ಷರ ಮಸುಕು. ಮನೆಯಲ್ಲಿ ಸ್ಟ್ಯಾಂಡ್ ಇಟ್ಟು, ಹಾಡುವಾಗ ನಿಲ್ಲುವ ಹಾಗೇ ನಿಂತು, ಕಣ್ಣಿನಿಂದ ಪುಸ್ತಕಕ್ಕೆ ಟೇಪ್ ಹಿಡಿದು ಅಳೆಯಿರಿ. ಆ ಅಳತೆಯನ್ನು ಕಣ್ಣು ಪರೀಕ್ಷೆ ಮಾಡುವವರಿಗೆ ಹೇಳಿದರೆ ಆ ದೂರಕ್ಕೇ ನಂಬರ್ ಕೊಡುತ್ತಾರೆ. ಪ್ರೋಗ್ರೆಸಿವ್ ಲೆನ್ಸ್ ಇರುವವರು ಓದಲು ಗದ್ದ ಮೇಲೆತ್ತುತ್ತಾರೆ. ಕತ್ತು ಬಿಗಿಯುತ್ತೆ, ಮೇಲಿನ ಸ್ವರಕ್ಕೆ ಕಷ್ಟ. ಸ್ಟ್ಯಾಂಡನ್ನು ಸ್ವಲ್ಪ ತಗ್ಗಿಸಿದರೆ ಎಷ್ಟೋ ಮೇಲು.

ಎರಡನೆಯದು ಹೊಳಪು. ಕೋಟಿಂಗ್ ಇಲ್ಲದ ಲೆನ್ಸ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 8 ಶೇಕಡಾ ವಾಪಸ್ ಕಳಿಸುತ್ತದೆ, ಫೋಟೊದಲ್ಲಿ ಕಣ್ಣಿನ ಜಾಗದಲ್ಲಿ ಎರಡು ಬಿಳಿ ಮಚ್ಚೆ ಕಾಣೋದು ಇದರಿಂದ. ಆಂಟಿ ಗ್ಲೇರ್ ಕೋಟಿಂಗ್‌ಗೆ ಕೊಟ್ಟ ದುಡ್ಡು ದಂಡವಲ್ಲ. ಬಿಸಿಲಿಗೆ ಕಪ್ಪಾಗುವ ಲೆನ್ಸ್ ಬಗ್ಗೆ ಭಯ ಬೇಡ. ಅದು ಕಪ್ಪಾಗೋದು ಬಿಸಿಲಿನ ನೇರಳಾತೀತ ಕಿರಣಕ್ಕೆ, ಸ್ಟೇಜಿನ ಎಲ್‌ಇಡಿ ಲೈಟಿಗಲ್ಲ.

ಬೆವರಿಗೆ ಜಾರುವುದು ಮೂರನೆಯದು. ಹಗುರ ಫ್ರೇಮ್, ಸಿಲಿಕಾನ್ ಮೂಗಿನ ಪ್ಯಾಡ್ ಇರಲಿ. ಕಡ್ಡಿಯನ್ನು ಕಿವಿಯ ಹಿಂದೆ ಬಗ್ಗಿಸಿಕೊಡಲು ಆಪ್ಟಿಕಲ್ ಅಂಗಡಿಯಲ್ಲಿ ಐದು ನಿಮಿಷ ಸಾಕು. ನೀವೇ ಬಗ್ಗಿಸಲು ಹೋಗಬೇಡಿ, ಮುರಿಯುತ್ತೆ.

ರಾತ್ರಿ ಕಾರ್ಯಕ್ರಮಕ್ಕೆ ಕೂಲಿಂಗ್ ಗ್ಲಾಸ್? ರಾಯ್ ಆರ್ಬಿಸನ್ ಕಪ್ಪು ಕನ್ನಡಕದಲ್ಲೇ ಹೆಸರು ಮಾಡಿದರು ನಿಜ, ಆದರೆ ಅವರು ಹಾಡುವಾಗ ಹೆಚ್ಚಾಗಿ ನಿಂತಲ್ಲೇ ನಿಲ್ಲುತ್ತಿದ್ದರು. ನಮ್ಮ ಸ್ಟೇಜಿನಲ್ಲಿ ಕಾಲಿಗೆ ವೈರ್, ಇಳಿಯಲು ಅಲ್ಲಾಡುವ ಮೆಟ್ಟಿಲು. ಹಾಕಿದರೂ ಮೆಟ್ಟಿಲ ಹತ್ತಿರ ತೆಗೆಯಿರಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಧೂಳು, ಹೊಗೆ ಮಷಿನ್‌ನಿಂದ ಕಣ್ಣು ಒಣಗಿ ಉರಿಯುತ್ತದೆ. ಲೆನ್ಸನ್ನು ನಲ್ಲಿ ನೀರಲ್ಲಿ ತೊಳೆಯಲೇಬಾರದು, ಸೋಂಕಾದರೆ ದೃಷ್ಟಿಗೇ ಅಪಾಯ. ಜೊತೆಗೆ ಒಂದು ಕನ್ನಡಕ ಬ್ಯಾಗಿನಲ್ಲಿರಲಿ.

ಆಯೋಜಕರಿಗೂ ಒಂದು ಕೆಲಸವಿದೆ: ಎದುರಿನ ಲೈಟನ್ನು ಸ್ವಲ್ಪ ಎತ್ತರಿಸಿ ಪಕ್ಕದಿಂದ ಬಿಡಿಸಿ. ಗಾಯಕರ ಕಣ್ಣು ಕುಕ್ಕಲ್ಲ, ಫೋಟೊನೂ ಚೆನ್ನಾಗಿ ಬರುತ್ತೆ.