ಡೆಟ್ರಾಯಿಟ್‌ನ ಮಿಷಿಗನ್ ಥಿಯೇಟರ್

ಅಮೆರಿಕದ ಡೆಟ್ರಾಯಿಟ್ ನಗರದ ನಡುಪೇಟೆಯಲ್ಲಿ, ಬ್ಯಾಗ್ಲಿ ರಸ್ತೆಯ ಮೇಲಿರುವ ಹಳೆಯ ಚಿತ್ರಮಂದಿರ. 1926ರಲ್ಲಿ ಬಾಗಿಲು ತೆರೆದು ಅರ್ಧ ಶತಮಾನ ಸಿನಿಮಾ, ವಾದ್ಯಗೋಷ್ಠಿ, ರಾಕ್ ಸಂಗೀತಗಳಿಗೆ ನೆಲೆಯಾಗಿದ್ದ ಇದು 1977ರಿಂದ ಕಾರು ನಿಲ್ಲಿಸುವ ಜಾಗವಾಗಿದೆ. ಹೊರಗೋಡೆಯನ್ನೂ ಚಾವಣಿಯನ್ನೂ ಹಾಗೆಯೇ ಬಿಟ್ಟು, ಪ್ರೇಕ್ಷಕರು ಕೂರುತ್ತಿದ್ದ ಸಭಾಂಗಣದ ಒಳಗೇ ಮೂರು ಅಂತಸ್ತಿನ ಪಾರ್ಕಿಂಗ್ ಕಟ್ಟಲಾಗಿದೆ. ಮುಚ್ಚಿಹೋದ ಟಾಕೀಸುಗಳು ಗೋದಾಮು, ಕಲ್ಯಾಣ ಮಂಟಪ, ಮಾಲ್‌ಗಳಾದದ್ದು ಹಲವು ದೇಶಗಳಲ್ಲಿ ಉಂಟು. ಈ ಬಗೆಯ ಮರುಹುಟ್ಟು ಮಾತ್ರ ಬಲು ಅಪರೂಪ.

ಥಿಯೇಟರ್ ಎದ್ದ ನೆಲಕ್ಕೆ ಅದಕ್ಕೂ ಹಿಂದಿನ ಚರಿತ್ರೆಯೊಂದಿದೆ. 58, ಬ್ಯಾಗ್ಲಿ ವಿಳಾಸದ ಬಾಡಿಗೆ ಮನೆಯಲ್ಲಿ, ಎಡಿಸನ್ ವಿದ್ಯುತ್ ಕಂಪನಿಯ ಎಂಜಿನಿಯರ್ ಆಗಿದ್ದ ಹೆನ್ರಿ ಫೋರ್ಡ್ ವಾಸವಾಗಿದ್ದ. ಹಿತ್ತಲಿನ ಇಟ್ಟಿಗೆ ಕೊಟ್ಟಿಗೆಯಲ್ಲಿ ತನ್ನ ಮೊದಲ ಮೋಟಾರು ಗಾಡಿ ಕ್ವಾಡ್ರಿಸೈಕಲ್ ಅನ್ನು ಆತ ಜೋಡಿಸಿದ. 1896ರ ಜೂನ್ 4ರ ನಸುಕಿನಲ್ಲಿ ಅದನ್ನು ಹೊರಗೆ ತರಲು ಹೋದರೆ ಬಾಗಿಲು ಸಾಲಲಿಲ್ಲ. ಕೊಡಲಿ ಹಿಡಿದು ಗೋಡೆಯನ್ನೇ ಒಡೆದು ದಾರಿ ಮಾಡಿಕೊಂಡ. ಆ ಕೊಟ್ಟಿಗೆಯ ಪ್ರತಿರೂಪವನ್ನು ಡಿಯರ್‌ಬಾರ್ನ್‌ನ ಗ್ರೀನ್‌ಫೀಲ್ಡ್ ವಿಲೇಜ್ ಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು.

ಕಾರು ಉದ್ಯಮದಿಂದ ಡೆಟ್ರಾಯಿಟ್ ಉಕ್ಕಿ ಬೆಳೆಯಿತು. 1920ರಲ್ಲಿ ಸುಮಾರು 10 ಲಕ್ಷವಿದ್ದ ಜನಸಂಖ್ಯೆ 1930ರ ಹೊತ್ತಿಗೆ 15 ಲಕ್ಷ ದಾಟಿತ್ತು. ಕೈಯಲ್ಲಿ ಕೂಲಿಯ ಕಾಸಿದ್ದ ಈ ಜನರನ್ನು ನಂಬಿ ಊರಿನ ದೊಡ್ಡ ಚಿತ್ರಮಂದಿರ ಮಾಲೀಕ ಜಾನ್ ಕುನ್‌ಸ್ಕಿ, ಷಿಕಾಗೋದ ಬಾಲಬನ್ ಅಂಡ್ ಕ್ಯಾಟ್ಜ್ ಸಂಸ್ಥೆಯೊಡನೆ ಸೇರಿ ಈ ಸಾಹಸಕ್ಕೆ ಕೈಹಾಕಿದ. ವಿನ್ಯಾಸ ಷಿಕಾಗೋದ ರ‍್ಯಾಪ್ ಸಹೋದರರದು. 1926ರ ಆಗಸ್ಟ್ 23ರಂದು ವಿಲಿಯಂ ವೆಲ್‌ಮನ್ ನಿರ್ದೇಶನದ ಮೂಕಿಚಿತ್ರ ‘ಯು ನೆವರ್ ನೋ ವಿಮೆನ್’ನೊಂದಿಗೆ ಪ್ರದರ್ಶನ ಶುರುವಾಯಿತು. ಆಸನಗಳು 4,000ಕ್ಕೂ ಹೆಚ್ಚು. ನಾಲ್ಕು ಅಂತಸ್ತಿನಷ್ಟು ಎತ್ತರದ ಮೊಗಸಾಲೆ, ಅಮೃತಶಿಲೆ, ಭಾರಿ ತೂಗುದೀಪ, ಫ್ರೆಂಚ್ ಪುನರುಜ್ಜೀವನ ಶೈಲಿಯ ಗಾರೆ ಕೆತ್ತನೆ: ದಿನವಿಡೀ ಕಾರ್ಖಾನೆಯಲ್ಲಿ ದುಡಿದು ಬಂದವನಿಗೆ ಒಂದು ಟಿಕೆಟ್‌ನ ಬೆಲೆಗೆ ಅರಮನೆಯ ಒಳಗೆ ಕೂರುವ ಅವಕಾಶ ಸಿಕ್ಕಿತು. ಥಿಯೇಟರಿಗೆ ಅಂಟಿಕೊಂಡೇ 13 ಅಂತಸ್ತಿನ ಮಿಷಿಗನ್ ಬಿಲ್ಡಿಂಗ್ ಎಂಬ ಕಚೇರಿ ಕಟ್ಟಡವೂ ಎದ್ದಿತು. ಈ ಜೋಡಣೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಆಗ ಸಿನಿಮಾ ಎಂದರೆ ಬರೀ ಸಿನಿಮಾ ಅಲ್ಲ. ಚಿತ್ರದ ಜೊತೆಗೆ ವೇದಿಕೆಯ ಮೇಲೆ ಹಾಡು, ಹಾಸ್ಯ, ವಾದ್ಯವೃಂದವೂ ಇರುತ್ತಿತ್ತು. ಲೂಯಿ ಆರ್ಮ್‌ಸ್ಟ್ರಾಂಗ್, ಬಾಬ್ ಹೋಪ್ ಅಂಥವರು ಇಲ್ಲಿಗೆ ಬಂದುಹೋದರು. ಮೂಕಿಚಿತ್ರಗಳಿಗೆ ನುಡಿಸಲು ವುರ್ಲಿಟ್ಜರ್ ಕಂಪನಿಯ ಐದು ಸಾಲು ಕೀಲಿಮಣೆಯ ಪೈಪ್ ಆರ್ಗನ್ ಇತ್ತು. ಆ ಕಂಪನಿ ಐದು ಸಾಲಿನ ವಾದ್ಯಗಳನ್ನು ಮಾಡಿದ್ದೇ ಮೂರು. 1950ರ ದಶಕದಲ್ಲಿ ಅದು ಮಾರಾಟವಾದಾಗ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನ ಆರ್ಗನ್ ಪ್ರೇಮಿಯೊಬ್ಬರು ಕೊಂಡೊಯ್ದು, ಮನೆಯ ನೆಲಮಾಳಿಗೆಯಲ್ಲಿ ಪುಟ್ಟ ಚಿತ್ರಮಂದಿರವನ್ನೇ ಕಟ್ಟಿಸಿ ಅದನ್ನು ಪ್ರತಿಷ್ಠಾಪಿಸಿದರು. ಥಿಯೇಟರ್ ಮುಚ್ಚಿದ ಮೇಲೂ ಅದರ ದನಿ ಉಳಿದದ್ದು ಹೀಗೆ.

1967ರ ಮಾರ್ಚ್‌ನಲ್ಲಿ ಪ್ರದರ್ಶನ ನಿಂತಿತು. ಅದೇ ವರ್ಷದ ಜುಲೈನಲ್ಲಿ 43 ಜೀವಗಳನ್ನು ಬಲಿ ತೆಗೆದುಕೊಂಡ ಗಲಭೆಯ ತಲೆಗೆ ಡೆಟ್ರಾಯಿಟ್‌ನ ಎಲ್ಲ ಅವನತಿಯನ್ನೂ ಕಟ್ಟುವ ರೂಢಿಯಿದೆ. ಇಲ್ಲಿ ಆ ಲೆಕ್ಕ ಹೊಂದುವುದಿಲ್ಲ, ಬೀಗ ಬಿದ್ದದ್ದು ಗಲಭೆಗೆ ಮೊದಲೇ. ನಿಜವಾದ ಕಾರಣಗಳು ನಿಧಾನವಾಗಿ ಕೂಡಿಬಂದವು. ಮನೆಮನೆಗೆ ಟಿ.ವಿ. ಬಂತು. ಹೆದ್ದಾರಿಗಳಾದವು. ಕಾರಿದ್ದವರು ಹೊರವಲಯದ ಬಡಾವಣೆಗಳಿಗೆ ಮನೆ ಬದಲಿಸಿದರು, 1954ರಲ್ಲಿ ತೆರೆದ ನಾರ್ತ್‌ಲ್ಯಾಂಡ್‌ನಂಥ ಮಾಲ್‌ಗಳು ಅಂಗಡಿ ಬೀದಿಯನ್ನೂ ಅವರ ಹಿಂದೆಯೇ ಒಯ್ದವು. 1950ರಲ್ಲಿ 18.5 ಲಕ್ಷ ತಲುಪಿದ್ದ ನಗರದ ಜನಸಂಖ್ಯೆ ಇಳಿಯುತ್ತ ಹೋಯಿತು. ನಾಲ್ಕು ಸಾವಿರ ಸೀಟುಗಳನ್ನು ತುಂಬಿಸುವ ಜನ ಸಂಜೆಯ ಹೊತ್ತು ಪೇಟೆಯಲ್ಲಿ ಇರಲೇ ಇಲ್ಲ.

ಮಾಲೀಕರು ಬದಲಾದರು, ಕೆಲಕಾಲ ಮತ್ತೆ ಚಿತ್ರ ಓಡಿತು. 1970ರ ದಶಕದ ಆರಂಭದಲ್ಲಿ ‘ಮಿಷಿಗನ್ ಪ್ಯಾಲೆಸ್’ ಎಂಬ ಹೊಸ ಹೆಸರಿನಲ್ಲಿ ಊಟ-ಮನರಂಜನೆಯ ಕ್ಲಬ್ ಆಗಿ, ಆಮೇಲೆ ರಾಕ್ ಸಂಗೀತದ ಅಡ್ಡೆಯಾಯಿತು. ಇಗ್ಗಿ ಪಾಪ್ ಮತ್ತು ಸ್ಟೂಜಸ್ ತಂಡ 1974ರ ಫೆಬ್ರವರಿ 9ರಂದು ಇಲ್ಲಿ ಹಾಡಿದಾಗ ಕೇಳುಗರು ವೇದಿಕೆಯತ್ತ ಮೊಟ್ಟೆ, ಬಾಟಲಿ ಎಸೆದರು. ತಂಡ ಅಲ್ಲಿಗೇ ಒಡೆಯಿತು. ಆ ರಾತ್ರಿಯ ಗದ್ದಲ ‘ಮೆಟಾಲಿಕ್ ಕೆ.ಓ.’ ಧ್ವನಿಮುದ್ರಿಕೆಯಲ್ಲಿ ಹಾಗೆಯೇ ಸೇರಿದೆ. ಸಂಗೀತದ ಚರಿತ್ರೆಗೆ ಇದು ಲಾಭ. ಕಟ್ಟಡಕ್ಕೆ ಮಾತ್ರ ಆ ವರ್ಷಗಳಲ್ಲಿ ಸಾಕಷ್ಟು ಪೆಟ್ಟು ಬಿತ್ತು. 1976ರಲ್ಲಿ ಸಂಗೀತ ಕಾರ್ಯಕ್ರಮಗಳೂ ನಿಂತವು.

ಆಗ ಮುಂದೆ ಬಂದದ್ದು ಪಕ್ಕದ ಕಚೇರಿ ಕಟ್ಟಡದ ಗೋಳು. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಖಾಲಿ ಮಾಡುತ್ತೇವೆಂದು ಬಾಡಿಗೆದಾರರು ಪಟ್ಟು ಹಿಡಿದರು. ಥಿಯೇಟರನ್ನು ನೆಲಸಮ ಮಾಡೋಣವೆಂದರೆ ಅದರ ಗೋಡೆಗಳೂ ಕಚೇರಿಯ ಗೋಡೆಗಳೂ ಒಂದಕ್ಕೊಂದು ಆಸರೆ. ಒಂದನ್ನು ಕಿತ್ತರೆ ಇನ್ನೊಂದಕ್ಕೆ ಅಪಾಯ. ಹಾಗಾಗಿ ಆಸನಗಳನ್ನೂ ಬಾಲ್ಕನಿಗಳ ಬಹುಭಾಗವನ್ನೂ ಕಿತ್ತು ಆ ಟೊಳ್ಳಿನಲ್ಲಿ ಕಾಂಕ್ರೀಟಿನ ಪಾರ್ಕಿಂಗ್ ಕೂರಿಸಿದರು. ಕಲೆಯ ಮೇಲಿನ ಅಭಿಮಾನದಿಂದ ಉಳಿದದ್ದಲ್ಲ ಇದು, ಕಟ್ಟಡಶಾಸ್ತ್ರದ ಅನಿವಾರ್ಯದಿಂದ ಉಳಿದದ್ದು.

ಇವತ್ತು ಮೇಲಿನ ಅಂತಸ್ತಿನಲ್ಲಿ ಕಾರು ನಿಲ್ಲಿಸಿ ಇಳಿದರೆ, ಹಿಂದೆ ಬಾಲ್ಕನಿಯಿಂದಲೂ ಕೈಗೆಟುಕದಿದ್ದ ಚಾವಣಿ ಸನಿಹದಲ್ಲೇ ಕಾಣುತ್ತದೆ. ಹೂಬಳ್ಳಿಯ ಗಾರೆ ಕೆತ್ತನೆ ಅಲ್ಲಲ್ಲಿ ಉದುರಿ ಒಳಗಿನ ತಂತಿಬಲೆ ಹೊರಗೆ ಬಂದಿದೆ. ರಂಗದ ದೊಡ್ಡ ಕಮಾನು ನಿಂತಿದೆ, ಅದರಿಂದ ಹರಿದ ಪರದೆಯ ಚಿಂದಿಗಳು ಜೋತುಬಿದ್ದಿವೆ. ಎದುರು ಗೋಡೆಯ ಎತ್ತರದಲ್ಲಿ ಪ್ರೊಜೆಕ್ಟರ್ ಕೋಣೆ. ‘8 ಮೈಲ್’ (2002), ಜಿಮ್ ಜಾರ್ಮುಷ್‌ನ ‘ಓನ್ಲಿ ಲವರ್ಸ್ ಲೆಫ್ಟ್ ಅಲೈವ್’ (2013) ಚಿತ್ರಗಳ ದೃಶ್ಯಗಳು ಇಲ್ಲಿ ಚಿತ್ರೀಕರಣಗೊಂಡವು. ಕಮಿಲೋ ಹೋಸೆ ವರ್ಗಾರಾ, ಇವ್ ಮಾರ್ಶಾಂ ಮತ್ತು ರೊಮೇನ್ ಮೆಫ್ರ್ ಅವರಂಥ ಛಾಯಾಗ್ರಾಹಕರು ಇದನ್ನು ಜಗತ್ತಿಗೆ ಪರಿಚಯಿಸಿದರು. ಪಾಳನ್ನು ಚಂದಗಾಣಿಸುತ್ತಾರೆಂದು ಇಂಥ ಚಿತ್ರಗಳ ಮೇಲೆ ಊರಿನವರ ಆಕ್ಷೇಪವೂ ಇದೆ. ಅದು ನ್ಯಾಯವೇ: ಚಾವಣಿಯ ಬಿರುಕು ಕಾಣುವ ಚಿತ್ರದಲ್ಲಿ ಊರು ಬಿಡದೆ ಉಳಿದ ಲಕ್ಷಾಂತರ ಜನ ಕಾಣುವುದಿಲ್ಲ.

ಅದೇ ಪೇಟೆಯ ಇನ್ನೆರಡು ಚಿತ್ರಮಂದಿರಗಳ ಗತಿ ಬೇರೆಯಾಯಿತು. ಎರಡೂ 1928ರಲ್ಲಿ ತೆರೆದವು. ಸುಮಾರು 5,000 ಆಸನಗಳ ಫಾಕ್ಸ್ ಥಿಯೇಟರನ್ನು ಪಿಜ್ಜಾ ಉದ್ಯಮಿ ಮೈಕ್ ಇಲಿಚ್ ಕೊಂಡು, ದುರಸ್ತಿ ಮಾಡಿಸಿ 1988ರಲ್ಲಿ ಮತ್ತೆ ತೆರೆದರು. ಯುನೈಟೆಡ್ ಆರ್ಟಿಸ್ಟ್ಸ್ ಥಿಯೇಟರಿನ ಸಭಾಂಗಣವನ್ನು ದಶಕಗಳ ಕಾಲ ಪಾಳುಬಿಟ್ಟು, ಕೊನೆಗೆ 2020ರ ದಶಕದಲ್ಲಿ ಕೆಡವಿದರು. ಡೆಟ್ರಾಯಿಟ್‌ಗೆ ಹೋಗುವವರು ಫಾಕ್ಸ್ ಮತ್ತು ಮಿಷಿಗನ್ ಎರಡನ್ನೂ ಒಂದೇ ದಿನ ನೋಡಬಹುದು, ನಡೆದು ಹೋಗುವಷ್ಟೇ ದೂರ. ಮಿಷಿಗನ್ ಖಾಸಗಿ ಸ್ವತ್ತು, ಆದ್ದರಿಂದ ಒಳಗೆ ಹೋಗುವ ಮುನ್ನ ಅನುಮತಿ ಕೇಳಿಕೊಳ್ಳಿ.